ಅಳೆಯದೆ ಬರೆದ ಅಂಕಿ

ಆಂಟೆನಾದ ಕಡ್ಡಿ ಕಾರ್ಖಾನೆಯಿಂದ ಬರುವಾಗ ಬೇಕಾದದ್ದಕ್ಕಿಂತ ಕೊಂಚ ಉದ್ದವಾಗಿಯೇ ಬರುತ್ತದೆ. ಗಾಡಿಯ ಚಾವಣಿ, ಅದರ ಮೇಲಿನ ಕಬ್ಬಿಣದ ಕ್ಯಾರಿಯರ್, ಬುಡದ ಬೋಲ್ಟು ತಗಡನ್ನು ಕಚ್ಚಿಕೊಂಡ ರೀತಿ ಎಲ್ಲವೂ ಸೇರಿ ಆ ಗಾಡಿಗೆ ಎಷ್ಟು ಉದ್ದ ಸರಿ ಎಂಬುದನ್ನು ತೀರ್ಮಾನಿಸುತ್ತವೆ. ಹಾಗಾಗಿ ಕೊನೆಯ ಕತ್ತರಿ ಫಿಟ್ಟರ್ ಕೈಯಲ್ಲಿರುತ್ತದೆ. ಗಬ್ಬೂರು ಬೈಪಾಸಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಸ್ತೂರಿ ಬಡಿಗೇರ ನಾಲ್ಕು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದಳು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಇನ್ನೂರ ಹನ್ನೆರಡು ಗಾಡಿಗಳಿಗೆ ರೇಡಿಯೊ ಕೂಡಿಸಿ, ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಟ್ಟಿದ್ದಳು. ಯಾವ ಮಾದರಿ, ರಂಧ್ರ ಎಲ್ಲಿ, ಎಷ್ಟು ಸೆಂಟಿಮೀಟರ್ ಕತ್ತರಿಸಿದೆ, ಮೀಟರ್ ಏನು ಹೇಳಿತು.

ಇನ್ನೂರ ಹದಿಮೂರನೆಯದು ಮಕ್ತುಂಸಾಬ ನದಾಫರ ಪಿಕಪ್. ಮಂಗಳವಾರ ಬೆಳಿಗ್ಗೆಯೇ ತಂದು ನಿಲ್ಲಿಸಿದ್ದರು. ಐವತ್ತು ದಾಟಿದ ಮನುಷ್ಯ; ಹುಬ್ಬಳ್ಳಿಯಿಂದ ಉಳ್ಳಾಗಡ್ಡಿ ಹೇರಿಕೊಂಡು ಕಾರವಾರಕ್ಕೆ ಇಳಿದು, ಮೀನು ಹೇರಿಕೊಂಡು ಹತ್ತಿ ಬರುವುದು ಅವರ ಬದುಕು. ಕಸ್ತೂರಿ ಚಾವಣಿಯ ನಟ್ಟನಡುವೆ ರಂಧ್ರ ಕೊರೆದಳು. ಸುತ್ತಲಿನ ಬಣ್ಣ ಕೆರೆದು ಬರಿಯ ಕಬ್ಬಿಣ ಕಾಣುವಂತೆ ಮಾಡಿ, ಆಂಟೆನಾದ ಬುಡ ಕೂಡಿಸಿ, ನೀರಿಳಿಯದಂತೆ ರಬ್ಬರ್ ಬಿಗಿದಳು. ಕೇಬಲ್ಲನ್ನು ಬಾಗಿಲಿನ ಅಂಚಿನೊಳಗೆ ಒತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ತಂದಳು. ಕೆಂಪು ವೈರನ್ನು ಫ್ಯೂಸ್ ಹಾಕಿ ನೇರವಾಗಿ ಬ್ಯಾಟರಿಗೇ ಎಳೆದಳು. ನಡುವೆ ಎಲ್ಲಿಂದಾದರೂ ಕರೆಂಟು ಕದ್ದರೆ ಎಂಜಿನ್ನಿನ ಕೀರಲು ದನಿಯೇ ಮಾತಿಗಿಂತ ಜೋರಾಗಿ ಕೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೀಟರ್ ಜೋಡಿಸಿ ಅಳೆಯುವುದೊಂದು ಉಳಿದಿತ್ತು. ತೊಡಕು ಬಂದದ್ದು ಅಲ್ಲಿ.

ಏಳು ವರ್ಷಗಳ ಹಿಂದಿನ ಸೌರ ಬಿರುಗಾಳಿ ದಾರಿ ತೋರಿಸುವ ಉಪಗ್ರಹಗಳಲ್ಲಿ ಮುಕ್ಕಾಲು ಪಾಲನ್ನು ಸುಟ್ಟುಹಾಕಿತ್ತು. ನಕ್ಷೆ ಹೋಯಿತು ಎಂದಷ್ಟೇ ಜನ ಮೊದಲು ತಿಳಿದರು. ಆದರೆ ಆ ಉಪಗ್ರಹಗಳು ದಾರಿಯ ಜೊತೆಗೆ ಸಮಯವನ್ನೂ ಹೇಳುತ್ತಿದ್ದವು. ಮೊಬೈಲ್ ಟವರುಗಳು ಒಂದರ ಮಾತಿನ ಮೇಲೊಂದು ಬೀಳದಂತೆ ಸರದಿ ಕಾಯುತ್ತಿದ್ದದ್ದು ಆ ಗಡಿಯಾರ ನೋಡಿಕೊಂಡೇ. ನಗರಗಳಿಗೆ ನೆಲದೊಳಗಿನ ಫೈಬರ್ ಮೂಲಕ ಬೇರೆ ಗಡಿಯಾರ ಬಂತು. ಹೆದ್ದಾರಿಗೆ, ಘಟ್ಟಕ್ಕೆ ಬರಲಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ ಕಡೆಗೆ ಅರ್ಧ ಗಂಟೆ ಹೋದರೆ ಫೋನು ಬರೀ ಟಾರ್ಚು. ಆಗ ಸರ್ಕಾರ ಇಪ್ಪತ್ತೇಳು ಮೆಗಾಹರ್ಟ್ಸಿನ ಹಳೆಯ ಸಿಬಿ ರೇಡಿಯೊವನ್ನು ಧೂಳು ಕೊಡವಿ ಹೊರತೆಗೆಯಿತು. ಸರಕು ಸಾಗಿಸುವ ಪ್ರತಿ ಗಾಡಿಗೂ ನಾಲ್ಕು ವ್ಯಾಟಿನ ಒಂದು ಸೆಟ್ಟು, ದೊಡ್ಡ ಊರಿಗೊಂದು ‘ರಸ್ತೆ ಧ್ವನಿ’ ಕೇಂದ್ರ.

ಯಂತ್ರದ ಹಿಂದೆಯೇ ಒಂದು ಆಚಾರವೂ ಬಂತು. ಹೊಸ ಸೆಟ್ಟಿನಲ್ಲಿ ಯಾರೆಂದರೆ ಅವರು ಮೊದಲು ಮಾತಾಡುವಂತಿಲ್ಲ. ಒಳ್ಳೆಯ ದಿನ ನೋಡಿ, ಮನೆಯ ಹಿರಿಯ ಹೆಂಗಸು ಗಾಡಿಯಲ್ಲಿ ಕೂತು, ಮೈಕಿನ ಗುಂಡಿ ಒತ್ತಿ ಮೊದಲ ಮಾತು ಆಡಬೇಕು. ಅದಕ್ಕೆ ‘ಬಾಯಿ ಬಿಡಿಸೋದು’ ಎಂದು ಹೆಸರು. ಎಲ್ಲಿ ಶುರುವಾಯಿತೋ, ಎರಡೇ ವರ್ಷದಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಎಲ್ಲ ಡ್ರೈವರುಗಳ ಮನೆ ಹೊಕ್ಕಿತ್ತು.

ಕಡ್ಡಿಯ ಉದ್ದ ಸರಿಯಿದೆಯೇ ಎಂದು ತಿಳಿಯಬೇಕಾದರೆ ಗುಂಡಿ ಒತ್ತಲೇಬೇಕು. ಒತ್ತಿದಾಗ ಸೆಟ್ಟಿನಿಂದ ಹೊರಟ ಅಲೆ ಕಡ್ಡಿಯಿಂದ ಗಾಳಿಗೆ ಹೋಗಬೇಕು. ಉದ್ದ ತಪ್ಪಿದ್ದರೆ ಅದರಲ್ಲಿ ಬಹುಪಾಲು ಬುಡದಿಂದಲೇ ಮರಳಿ ಸೆಟ್ಟಿಗೆ ಬರುತ್ತದೆ. ಹೋದದ್ದೆಷ್ಟು, ಮರಳಿದ್ದೆಷ್ಟು ಎಂಬುದನ್ನು ಮೀಟರ್ ಒಂದೇ ಅಂಕಿಯಲ್ಲಿ ಹೇಳುತ್ತದೆ. ಒಂದು ಎಂದರೆ ಏನೂ ಮರಳಲಿಲ್ಲ. ಒಂದೂವರೆಯೊಳಗೆ ಪಾಸು. ಮೂರು ದಾಟಿದರೆ ಸೆಟ್ಟು ತಾನು ಸುಟ್ಟುಹೋಗಬಾರದೆಂದು ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ನಾಲ್ಕು ವ್ಯಾಟಿನ ಜಾಗದಲ್ಲಿ ಅರ್ಧ ವ್ಯಾಟು. ಕತ್ತರಿಸದ ಕಡ್ಡಿಗೆ ಅಂಕಿ ಸಾಮಾನ್ಯವಾಗಿ ಮೂರರ ಮೇಲೆಯೇ.

“ಒತ್ತೋದು ಅಷ್ಟ ಕಾಕಾ. ಮಾತಾಡೂದಿಲ್ಲ,” ಎಂದಳು ಕಸ್ತೂರಿ.

“ಬಾಯಿ ತೆರದಮ್ಯಾಲ ಮಾತಾಡಿದ್ರೇನು, ಆಕಳಿಸಿದ್ರೇನು ಕಸ್ತೂರವ್ವಾ? ತೆರದಂಗ ಆತಲ್ಲ,” ಎಂದರು ಮಕ್ತುಂಸಾಬ.

ಶುಕ್ರವಾರ ನಮಾಜಿನ ನಂತರ ಅವರ ತಾಯಿ ಹುಸೇನಬಿ ಬಾಯಿ ಬಿಡಿಸುವವರಿದ್ದರು. ನಾಲ್ಕು ದಿನದಿಂದ ಮುದುಕಿ ಏನು ಹೇಳಬೇಕೆಂದು ತಯಾರಿ ನಡೆಸಿದ್ದಾರೆ, ಈಗ ಮೂರು ಮಾತಿಗೆ ಬಂದು ನಿಂತಿದ್ದಾರೆ, ಅದರಲ್ಲಿ ಒಂದು ಬಂಗಡೆ ಮೀನಿನ ರೇಟು ಕೇಳುವುದು ಎಂದು ಅವರು ನಗಾಡಿದರು. ಶನಿವಾರ ಮುಂಜಾನೆಯೇ ಗಾಡಿ ತರುತ್ತೇನೆ, ಬೇಕಾದಷ್ಟು ಅಳೆಯುವಿಯಂತೆ, ಅಲ್ಲಿಯವರೆಗೆ ಊರು ಬಿಟ್ಟು ಹೊರಗೆ ಹೋಗುವುದಿಲ್ಲ ಎಂದರು. ಆದರೆ ಸರ್ಟಿಫಿಕೇಟು ಮಾತ್ರ ಅವತ್ತೇ ಬೇಕಿತ್ತು. ಸೆಟ್ಟು ಕೂಡಿಸಿದ ದಿನದ್ದೇ ತಾರೀಖು ಇರಬೇಕೆಂಬುದು ನಿಯಮ.

ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಇದೇ ಮಾದರಿಯ ಆರು ಪಿಕಪ್ಪುಗಳಿಗೆ ಕಸ್ತೂರಿ ಆಂಟೆನಾ ಹಾಕಿದ್ದಳು. ಆರಕ್ಕೂ ಸುಮಾರು ಏಳು ಸೆಂಟಿಮೀಟರ್ ಕತ್ತರಿಸಿದ ಮೇಲೆ ಮೀಟರ್ ಒಂದು ಪಾಯಿಂಟ್ ಮೂರಕ್ಕೆ ಬಂದು ನಿಂತಿತ್ತು. ಶನಿವಾರ ಹೇಗೂ ನಿಜವಾಗುವ ಅಂಕಿ. ಅವಳು ಸರ್ಟಿಫಿಕೇಟಿನಲ್ಲಿ 1.3 ಎಂದು ಬರೆದು ಸಹಿ ಮಾಡಿದಳು. ಕಡ್ಡಿಯನ್ನು ಕತ್ತರಿಸಲಿಲ್ಲ, ಅಳೆಯದೆ ಕತ್ತರಿಸುವುದು ತಪ್ಪೆಂದು ಅವಳ ಕೈಗೆ ಗೊತ್ತಿತ್ತು.

ಸಂಜೆ ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನೋಟ್‌ಬುಕ್ಕಿನ ಪುಟದಲ್ಲಿ ‘ಕತ್ತರಿಸಿದ್ದು’ ಎಂಬ ಕಾಲಂ ಖಾಲಿ, ಅದರ ಮುಂದಿನ ಕಾಲಂ ತುಂಬಿತ್ತು. ಪುಸ್ತಕ ಮುಚ್ಚಿ ಅಂಗಳಕ್ಕೆ ಹೋದಳು, ಒಳಗೆ ಬಂದಳು, ಒಣಗದ ಬಟ್ಟೆ ಮುಟ್ಟಿ ನೋಡಿ ಮತ್ತೆ ಹೊರಗೆ ಹೋದಳು.

“ಬೆಕ್ಕು ಮರಿ ಹಾಕಾಕ ಜಾಗಾ ಹುಡುಕಿದಂಗ ತಿರಗಾಕತ್ತೀಯಲ್ಲ, ಏನಾಗೇತಿ?” ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

ಕಸ್ತೂರಿ ಹೇಳಿದಳು. ಅವ್ವ ಮೂವತ್ತು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು. ಬೆಳಗಿನ ಜಾವದ ಜ್ವರ ನೋಡುವ ಪಾಳಿಯಲ್ಲಿ ಕೆಲವು ನರ್ಸುಗಳು, ಮಲಗಿದವರನ್ನು ಯಾಕೆ ಎಬ್ಬಿಸುವುದೆಂದು ಚಾರ್ಟಿನಲ್ಲಿ ತಾವೇ ತೊಂಬತ್ತೆಂಟು ಎಂದು ಬರೆದುಬಿಡುತ್ತಿದ್ದರಂತೆ. ಬಹಳ ಸಲ ಅದು ತೊಂಬತ್ತೆಂಟೇ ಇರುತ್ತಿತ್ತಂತೆ.

“ಇರಲಾರದಾಗ?” ಎಂದಳು ಕಸ್ತೂರಿ.

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಉಣ್ಣು ಬಾ,” ಎಂದಳು.

*

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಶೆಡ್ಡಿನ ಮೇಜಿನ ಮೇಲಿನ ಸೆಟ್ಟು ಸುದ್ದಿ ಹೇಳಿತು. ಹಿಂಗಾರಿನ ಮಳೆಗೆ ಅರಬೈಲ್ ಘಾಟಿನಲ್ಲಿ ಮೂರು ಕಡೆ ಗುಡ್ಡ ಜಾರಿದೆ. ಹಿಂದೆಯೇ ಇನ್ನೊಂದು ಮಾತು. ನಾಲ್ಕು ನೂರಾ ಹದಿನೇಳು, ನಾಲ್ಕು ನೂರಾ ಹದಿನೇಳು, ಎಲ್ಲಿದ್ದೀರಿ ಹೇಳಿ.

ನಾಲ್ಕು ನೂರಾ ಹದಿನೇಳು ಮಕ್ತುಂಸಾಬರ ಸೆಟ್ಟು. ಕಸ್ತೂರಿ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಹಾಕಿದ್ದೂ ನೆನಪಿಲ್ಲದಂತೆ ಎದ್ದಳು. ಪಕ್ಕದ ಟೈರ್ ಅಂಗಡಿಯವನು ಹೇಳಿದ: ಕಾರವಾರಕ್ಕೆ ಹೋಗಬೇಕಿದ್ದ ಡ್ರೈವರ್ ಒಬ್ಬ ಜ್ವರ ಬಂದು ಮಲಗಿದ, ಉಳ್ಳಾಗಡ್ಡಿ ಕೊಳೆಯುತ್ತದೆಂದು ದಲ್ಲಾಳಿ ಗೋಗರೆದ, ಸಾಬರು ಬೆಳಿಗ್ಗೆ ಎಂಟಕ್ಕೆ ಹೊರಟುಹೋದರು.

ರಸ್ತೆ ಧ್ವನಿ ಕೇಂದ್ರ ಹಳೆಯ ಟೆಲಿಫೋನ್ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಎಂಜಿನಿಯರ್ ಪ್ರಹ್ಲಾದ ಇನಾಂದಾರ ಗೋಡೆಯ ನಕ್ಷೆಯ ಮುಂದೆ ಕೆಂಪು ಪೆನ್ಸಿಲ್ ಹಿಡಿದು ನಿಂತಿದ್ದರು. ಆಪರೇಟರ್ ರೂತ್ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಕರೆಯುತ್ತಿದ್ದಳು.

ಇನಾಂದಾರರ ತರ್ಕ ಚೊಕ್ಕವಾಗಿತ್ತು. ಘಾಟಿನ ಮೇಲಿನ ಚೆಕ್‌ಪೋಸ್ಟು ಹನ್ನೊಂದು ನಲವತ್ತಕ್ಕೆ ಪಿಕಪ್ಪನ್ನು ಒಳಗೆ ಬಿಟ್ಟಿದೆ. ಕೆಳಗಿನದು ಅದನ್ನು ನೋಡಿಲ್ಲ. ನಡುವೆ ಹನ್ನೆರಡು ಕಿಲೋಮೀಟರ್. ಅದರಲ್ಲಿ ಮೇಲಿನ ಎಂಟು ಕಿಲೋಮೀಟರಿನ ಯಾವ ತಿರುವಿನಿಂದ ಮಾತಾಡಿದರೂ ಯಲ್ಲಾಪುರದ ಕೇಂದ್ರಕ್ಕೆ ಕೇಳುತ್ತದೆ. ಅವರೇ ಕಳೆದ ವರ್ಷ ಜೀಪಿನಲ್ಲಿ ಕೂತು ತಿರುವು ತಿರುವಿಗೂ ಪರೀಕ್ಷಿಸಿದ್ದರು. ಕೆಳಗಿನ ನಾಲ್ಕು ಕಿಲೋಮೀಟರ್ ಮಾತ್ರ ಗುಡ್ಡದ ಮರೆ. ಯಲ್ಲಾಪುರಕ್ಕೆ ಏನೂ ಕೇಳಿಲ್ಲ. ಆದ್ದರಿಂದ ಪಿಕಪ್ ಇರುವುದು ಕೆಳಗಿನ ನಾಲ್ಕರಲ್ಲಿ. ಮಣ್ಣೆತ್ತುವ ಯಂತ್ರ, ಹುಡುಕುವ ತಂಡ ಎರಡೂ ಅಂಕೋಲಾ ಕಡೆಯಿಂದ ಮೇಲೆ ಹತ್ತಲಿ.

“ಸೆಟ್ ಚಲೋ ಅದನೋ ಇಲ್ಲೋ ಅಂತ ಮೊದಲ ನೋಡೀನಿ,” ಎಂದು ಅವರು ಕಸ್ತೂರಿಗೆ ಫೈಲು ತೋರಿಸಿದರು. “ನಿಮ್ಮದ ಸರ್ಟಿಫಿಕೇಟ್. ಒಂದು ಪಾಯಿಂಟ್ ಮೂರು. ಅದಕ್ಕ ಇಷ್ಟು ಧೈರ್ಯದಿಂದ ಹೇಳಾಕತ್ತೀನಿ.”

ಕಸ್ತೂರಿ ತನ್ನ ಅಕ್ಷರವನ್ನು ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಬಂತು, ಅವರು ತಿರುಗಿದರು. ಫೋನು ಇಟ್ಟು, ನದಾಫರ ಮನೆ ನಿಮಗೆ ಗೊತ್ತಲ್ಲ, ಯಾರ್ಯಾರೋ ಹೋಗಿ ಹೆದರಿಸುವ ಮೊದಲು ನೀವೇ ಹೋಗಿ ಹೇಳಿ ಬನ್ನಿ ಎಂದರು. ಅವಳು ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ, ಅವರು ಹೇಳಿದ್ದೂ ಸರಿಯಿರಬಹುದು, ಗಾಡಿ ಕೆಳಗೇ ಇರಬಹುದು ಎಂದುಕೊಂಡಳು. ಆಟೋದಲ್ಲಿ ಕೂತ ಮೇಲೆ, ತನಗೆ ಹಾಗೆ ಅನ್ನಿಸುವುದಕ್ಕೆ ಯಾವ ಆಧಾರವಿದೆ ಎಂದು ಕೇಳಿಕೊಂಡಳು.

ಹಳೇಹುಬ್ಬಳ್ಳಿಯ ಓಣಿಯಲ್ಲಿ ಮಕ್ತುಂಸಾಬರ ಹೆಂಡತಿ ಶಮಶಾದ್ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಮುಟ್ಟಿತ್ತು. ಅವಳು ಅತ್ತಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು. ಒಳಗೆ ಹುಸೇನಬಿ ಗೋಡೆಗೊರಗಿ ಕೂತು, ಬಾಯಿ ಬಿಡಿಸದೆ ಒಯ್ದರೆ ಅದು ಹೇಗೆ ಮಾತಾಡೀತು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

“ಅತ್ತಿ ಹಂಗ ಅಂತಾರು. ನೀವು ಮನಸಿಗೆ ಹಚಗೋಬ್ಯಾಡ್ರಿ,” ಎಂದಳು ಶಮಶಾದ್. ಕಸ್ತೂರಿಗೆ ನೀರು ತಂದುಕೊಟ್ಟಳು. ಕೊಟ್ಟು ಎದುರಿಗೇ ನಿಂತಳು. “ಒಂದ ಮಾತು ಹೇಳ್ರಿ ಕಸ್ತೂರಕ್ಕಾ. ಅವರು ಬದುಕಿದ್ರ ಆ ಸೆಟ್‌ನ್ಯಾಗ ಕರದ ಕರೀತಾರ. ಕರದ್ರ ಕೇಳಸ್ತೈತೆಲ್ಲ? ನೀವ ಹಾಕೀರಿ, ಕೇಳಸ್ತೈತಿ ಅಂತ ನಾ ಎಲ್ಲಾರಿಗೂ ಹೇಳಾಕತ್ತೀನಿ.”

ಕಸ್ತೂರಿ ಲೋಟ ಕೆಳಗಿಟ್ಟಳು. ಅದನ್ನು ಹೇಳದ ಹೊರತು ಈ ಮನೆಯಿಂದ ಹೊರಗೆ ಕಾಲಿಡಲು ಆಗದೆಂದು ಅವಳಿಗೆ ತಿಳಿಯಿತು. ಹೇಳುತ್ತ ಕೂತರೆ ಹೊತ್ತು ಹೋಗುತ್ತದೆಂದೂ ತಿಳಿಯಿತು.

“ಕೇಳಸೂದಿಲ್ಲ,” ಎಂದಳು. “ಕಡ್ಡಿ ಅಳದಿಲ್ಲ ನಾ. ಅಳದೀನಂತ ಬರದೀನಿ. ಅವರು ಈಗ ಕರದ್ರೂ ಹತ್ರದಾವ್ರಿಗೆ ಕೇಳಾಂಗಿಲ್ಲ. ಬರ್ರಿ ನನ್ನ ಜೋಡಿ.”

ಶಮಶಾದಳಿಗೆ ಎಲ್ಲ ಅರ್ಥವಾಯಿತೋ ಇಲ್ಲವೋ. ಸೆರಗು ಬಿಟ್ಟು ಚಪ್ಪಲಿ ಹುಡುಕಿದಳು. ದಾರಿಯ ಪ್ರತಿ ಸಿಗ್ನಲ್ಲಿನಲ್ಲೂ ಕಸ್ತೂರಿ ಇಳಿದು ಓಡುವವಳಂತೆ ಸರಳು ಹಿಡಿದು ಮುಂದಕ್ಕೆ ಬಾಗುತ್ತಿದ್ದಳು.

*

ಇನಾಂದಾರರು ದನಿ ಏರಿಸಲಿಲ್ಲ. “ಅಳದಿಲ್ಲ ಅಂದ್ರ ಈ ಅಂಕಿ ಎಲ್ಲಿಂದ ಬಂತು?” ಎಂದರು.

“ಬರದದ್ದು, ಸರ್.”

ಅವರು ನಕ್ಷೆಯ ಮೇಲಿನ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜಿದರು. ಮೂರೂವರೆ ಗಂಟೆ. ಯಂತ್ರ ಅಂಕೋಲಾ ಬಿಟ್ಟು ಒಂದೂವರೆ ಗಂಟೆಯಾಗಿತ್ತು. ಯಲ್ಲಾಪುರದಲ್ಲಿ ಕಾಲ್ನಡಿಗೆಯ ಒಂದು ತಂಡ ಉಳಿದಿತ್ತು, ಆರು ಜನ. ಎಂಟು ಕಿಲೋಮೀಟರ್, ಎರಡು ಕುಸಿತ, ಇನ್ನೂ ಜಾರುತ್ತಿರುವ ಮಣ್ಣು. ಆರು ಗಂಟೆಗೆ ಬೆಳಕು ಹೋಗುತ್ತದೆ. ಎಲ್ಲಿ ಎಂದು ಗೊತ್ತಿಲ್ಲದೆ ಆರು ಜನರನ್ನು ಆ ಗುಡ್ಡದ ಕೆಳಗೆ ಕಳಿಸಲು ಅವರು ತಯಾರಿರಲಿಲ್ಲ. ಅರ್ಧ ವ್ಯಾಟು ಯಲ್ಲಾಪುರ ಮುಟ್ಟುವುದಿಲ್ಲ ಎಂದರು.

“ಯಲ್ಲಾಪುರ ಮುಟ್ಟೂದಿಲ್ಲ ಸರ್. ದೂರದಾವ್ರಿಗೆ ಮುಟ್ಟಬಹುದು,” ಎಂದಳು ಕಸ್ತೂರಿ. “ಇವತ್ತ ಮುಂಜಾನಿಂದ ಮ್ಯಾಲಿನ ದಾರಿ ತೆರದೈತಿ. ನನ್ನ ಶೆಡ್ಡಿನ್ಯಾಗ ಹನ್ನೊಂದಕ್ಕ ಯಾರ್ಯಾರದೋ ಭಾಷಾ ಕೇಳತಿತ್ತು.”

ಅದು ಅವರಿಗೂ ಗೊತ್ತಿದ್ದ ಸಂಗತಿ. ಸೂರ್ಯ ಕೆರಳಿದ ವರ್ಷಗಳಲ್ಲಿ ಭೂಮಿಯಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದ ಗಾಳಿಯ ಪದರ ಹಗಲಿನಲ್ಲಿ ಕನ್ನಡಿಯಂತಾಗುತ್ತದೆ. ಓರೆಯಾಗಿ ಮೇಲೆ ಹೋದ ಅಲೆ ಅದಕ್ಕೆ ತಾಗಿ ಎರಡು ಮೂರು ಸಾವಿರ ಕಿಲೋಮೀಟರ್ ಆಚೆ ನೆಲಕ್ಕೆ ಬೀಳುತ್ತದೆ. ನಡುವಿನ ಊರುಗಳ ತಲೆಯ ಮೇಲಿಂದ ಹಾರಿಹೋಗುತ್ತದೆ. ಇಪ್ಪತ್ತು ಕಿಲೋಮೀಟರ್ ದೂರದವನಿಗೆ ಕೇಳದ ಪಿಸುಮಾತು ಎರಡು ಸಾವಿರ ಕಿಲೋಮೀಟರ್ ದೂರದವನ ಕಿವಿಗೆ ಬೀಳಬಹುದು. ಕೇಂದ್ರಗಳಲ್ಲಿ ಈ ದೂರದ ಗದ್ದಲ ಕೆಲಸಕ್ಕೆ ಅಡ್ಡಿಯೆಂದು ಅದನ್ನು ಮುಚ್ಚಿಡಲು ಒಂದು ಗುಂಡಿ ಇತ್ತು. ಮುಚ್ಚಿಡಬೇಕೆಂಬ ಸುತ್ತೋಲೆ ಇನಾಂದಾರರದೇ.

ಅವರೇ ಹೋಗಿ ಆ ಗುಂಡಿ ತಿರುಗಿಸಿದರು. ಕೋಣೆಯ ತುಂಬ ಸಂತೆಯ ಸದ್ದು ಬಂದಂತಾಯಿತು: ಸಿಳ್ಳೆ, ಕೊರೆತ, ಅರ್ಧ ಹಾಡು, ತಿಳಿಯದ ನುಡಿಗಳು. ಕಸ್ತೂರಿ ಮೈಕು ತೆಗೆದುಕೊಂಡು ತನ್ನ ಹುಬ್ಬಳ್ಳಿ ಹಿಂದಿಯಲ್ಲಿ ಕೇಳಿದಳು. ದೂರದಲ್ಲಿರುವ ಯಾರಿಗಾದರೂ ಇವತ್ತು ಮಧ್ಯಾಹ್ನದ ನಂತರ, ಬಹಳ ಕ್ಷೀಣವಾಗಿ, ಒಬ್ಬ ಗಂಡಸು ಹುಬ್ಬಳ್ಳಿಯನ್ನು ಕರೆದದ್ದು ಕೇಳಿದೆಯೇ? ನಾಲ್ಕು ಸಲ ಕೇಳಿದಳು. ಶಮಶಾದ್ ಕುರ್ಚಿ ಕೊಟ್ಟರೂ ಕೂರದೆ, ಸ್ಪೀಕರಿನ ಹತ್ತಿರ ಹೋಗಿ ನಿಂತಿದ್ದಳು.

ಐದನೆಯ ಸಲಕ್ಕೆ ಒಂದು ದಪ್ಪ, ನಿಧಾನದ ದನಿ ಉತ್ತರಿಸಿತು. ಅಸ್ಸಾಮಿನ ನಗಾಂವ್ ಹತ್ತಿರದ ಟ್ರಕ್ ನಿಲ್ದಾಣದಲ್ಲಿ ಸೆಟ್ಟು ನೋಡಿಕೊಳ್ಳುವ ಬೋರಾ ಎಂಬವನದು. ಒಂದು ಗಂಟೆಯ ಹಿಂದಿನಿಂದ ಒಬ್ಬ ಮನುಷ್ಯ ಯಾವುದೋ ದಕ್ಷಿಣದ ಭಾಷೆಯಲ್ಲಿ ಬಿಟ್ಟು ಬಿಟ್ಟು ಕೂಗುತ್ತಿದ್ದಾನೆ, ‘ರೂತ್ ಬಾಯಿ, ರೂತ್ ಬಾಯಿ’ ಎಂಬುದಷ್ಟೇ ತಿಳಿಯುತ್ತದೆ, ಯಾರೋ ಹೆಂಡತಿಯನ್ನು ಕರೆಯುತ್ತಿದ್ದಾನೆಂದು ಸುಮ್ಮನಿದ್ದೆ ಎಂದ.

ರೂತ್ ಹೆಡ್‌ಫೋನ್ ತೆಗೆದು ಮುಖ ಮುಚ್ಚಿಕೊಂಡಳು; ಡ್ರೈವರುಗಳು ಅವಳನ್ನು ಕರೆಯುವುದು ಹಾಗೆಯೇ.

ಬೋರಾನ ದೊಡ್ಡ ಆಂಟೆನಾದ ಮಾತು ಮಕ್ತುಂಸಾಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು; ಅವರಿಗೆ ಹಿಂದಿ ತಿಳಿಯುತ್ತಿತ್ತು. ಆದರೆ ಅವರ ಉತ್ತರ ಅಲೆಯಲೆಯಾಗಿ ಬಂದು ಮುಳುಗುತ್ತಿತ್ತು. ಹತ್ತು ನಿಮಿಷ ಹೆಣಗಿ 417ರ ಡ್ರೈವರೇ ಮಾತಾಡುತ್ತಿರುವುದೆಂದು ಖಚಿತಪಡಿಸಿಕೊಂಡ ಮೇಲೆ ಬೋರಾ ಹೇಳಿದ್ದು ಇಷ್ಟು: ಕೈ ಮುರಿದಿದೆ, ಮುಂದೆಯೂ ಹಿಂದೆಯೂ ಮಣ್ಣು, ಗಾಡಿ ಒಂದು ಬಂಡೆಯ ಮರೆಯಲ್ಲಿದೆ, ಮೇಲಿನಿಂದ ಕಲ್ಲು ಬೀಳುತ್ತಿದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳುತ್ತಾನೆ, ಪ್ರತಿ ಸಲ ನಡುವೆಯೇ ಕರಗಿಹೋಗುತ್ತದೆ. ಇಲ್ಲಿ ಹೊತ್ತು ಇಳಿಯುತ್ತಿದೆ, ಇನ್ನು ಎರಡು ಗಂಟೆಯಲ್ಲಿ ನನಗೆ ನೀವೂ ಕೇಳುವುದಿಲ್ಲ, ಅವನೂ ಕೇಳುವುದಿಲ್ಲ.

ಮಾಡಬೇಕಾದದ್ದು ಕಸ್ತೂರಿಗೆ ಗೊತ್ತಿತ್ತು. ಕಡ್ಡಿಯನ್ನು ಏಳು ಸೆಂಟಿಮೀಟರ್ ಗಿಡ್ಡ ಮಾಡಬೇಕು. ಕತ್ತರಿಸುವುದೂ ಬೇಡ, ತುದಿಯನ್ನು ಅಷ್ಟುದ್ದ ಹಿಂದಕ್ಕೆ ಮಡಚಿ ಟೂಲ್ ಬಾಕ್ಸಿನ ಪಕ್ಕಡದಲ್ಲಿ ಒತ್ತಿಬಿಟ್ಟರೆ ಸಾಕು. ಸೆಟ್ಟಿಗೆ ನಾಲ್ಕು ವ್ಯಾಟೂ ಮರಳುತ್ತದೆ, ಯಲ್ಲಾಪುರಕ್ಕೆ ನೇರವಾಗಿ ಕೇಳುತ್ತದೆ. ಆದರೆ ಅದಕ್ಕಾಗಿ ಅವರು ಕ್ಯಾಬಿನ್ ಬಿಟ್ಟು, ಮುರಿದ ಕೈಯಲ್ಲಿ ಹಿಂದೆ ಲೋಡಿನ ಮೇಲೆ ಹತ್ತಿ, ಬಯಲಿನಲ್ಲಿ ನಿಲ್ಲಬೇಕು.

“ಕಲ್ಲು ಬೀಳೋ ಕಡೆ ಎದ್ದು ನಿಂದ್ರು ಅಂತ ಹೇಳೋದೇನು?” ಎಂದರು ಇನಾಂದಾರ.

“ಯಾಕ ಅಂತನೂ ಹೇಳ್ರಿ ಸರ್. ಕಸ್ತೂರಿ ಅಳದಿಲ್ಲ, ಅದಕ್ಕ ಹಿಂಗಾಗೇತಿ ಅಂತ ಹೇಳ್ರಿ. ತಿಳದು ಹತ್ತಲಿ. ಬ್ಯಾಡಾದ್ರ ಬಿಡಲಿ.”

ಇನಾಂದಾರರು ಶಮಶಾದಳ ಕಡೆ ನೋಡಿದರು. ಅವಳು ಕಸ್ತೂರಿಯ ಕಡೆ ನೋಡಲಿಲ್ಲ. “ಕೇಳ್ರಿ ಅವರನ್ನ,” ಎಂದಳು. “ಅವರು ಸುಮ್ಮ ಕುಂದ್ರೂ ಮನಿಶಾ ಅಲ್ಲ.”

ಏಳು ಸೆಂಟಿಮೀಟರನ್ನು ಹೇಗೆ ಹೇಳುವುದು? ಅಲ್ಲಿ ಟೇಪಿಲ್ಲ. ಬೆರಳಿನ ಅಳತೆ ಆಳಿಂದ ಆಳಿಗೆ ಬೇರೆ. ಕಸ್ತೂರಿ ಕೋಣೆಯೊಳಗೆ ಮೂರು ಸಲ ಸುತ್ತಿ ಫಕ್ಕನೆ ಹೊರಗೋಡಿದಳು. ಮೆಟ್ಟಿಲ ಬುಡದಲ್ಲಿ ಕೂತಿದ್ದ ವಾಚ್‌ಮನ್ನನ ಜೇಬಿನಿಂದ ಒಂದು ಬೀಡಿ ಕೇಳಿ ತಂದು ಇನಾಂದಾರರ ಸ್ಕೇಲಿನ ಪಕ್ಕ ಇಟ್ಟಳು. ಆರು ಪಾಯಿಂಟ್ ಎಂಟು. ಇನ್ನೊಂದು ತರಿಸಿದಳು, ಏಳಕ್ಕೆ ಒಂದು ಕೂದಲೆಳೆ ಕಡಿಮೆ. ಮಕ್ತುಂಸಾಬರೂ ಇದೇ ಬೀಡಿ ಸೇದುತ್ತಾರಾ ಎಂದು ಶಮಶಾದಳನ್ನು ಕೇಳಿದಳು.

“ಇದನ್ನ ಸೇದೂದು. ಬಿಡು ಅಂದ್ರ ಬಿಡೂದಿಲ್ಲ,” ಎಂದಳು ಶಮಶಾದ್.

ಯಲ್ಲಾಪುರದಿಂದ ಕೂಗಿದರೆ ಅವರಿಗೆ ಕೇಳೀತು, ಆದರೆ ಅವರ ಮರುಮಾತು ಕೇಳಬಲ್ಲವನು ಬೋರಾ ಒಬ್ಬನೇ; ಹಾಗಾಗಿ ಸಂದೇಶ ಹುಬ್ಬಳ್ಳಿಯಿಂದ ಅಸ್ಸಾಮಿಗೆ ಹೋಯಿತು. ಅಲ್ಲಿಂದ, ಹುಬ್ಬಳ್ಳಿಗೆ ತೊಂಬತ್ತೇ ಕಿಲೋಮೀಟರ್ ದೂರದ ಘಾಟಿಗೆ ಮರಳಿತು. ಮಳೆ ನಿಂತ ಗಳಿಗೆ ನೋಡು. ಹಿಂದೆ ಲೋಡಿನ ಮೇಲೆ ಹತ್ತು. ಕಡ್ಡಿಯ ತುದಿಯನ್ನು ಬಗ್ಗಿಸಿ ಹಿಡಿ. ಒಂದು ಬೀಡಿಯ ಉದ್ದ ಹಿಂದಕ್ಕೆ ಮಡಚಿ ಪಕ್ಕಡದಲ್ಲಿ ಒತ್ತು. ಕೂಡಿಸಿದ ಹೆಂಗಸು ಅಳೆಯದೆ ಬಿಟ್ಟಿದ್ದಾಳೆ, ತಪ್ಪು ಅವಳದು. ಹತ್ತುವುದು ಬಿಡುವುದು ನಿನ್ನಿಷ್ಟ. ಬೋರಾ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿದ. ಆಮೇಲೆ, ಅವನು ಏನೋ ಹೇಳಿ ನಕ್ಕಂತೆ ಕೇಳಿತು ಎಂದ. ಆಮೇಲೆ ಏನೂ ಕೇಳುತ್ತಿಲ್ಲ ಎಂದ.

ನಾಲ್ಕು ನಲವತ್ತೆರಡು. ಕಸ್ತೂರಿ ಗಡಿಯಾರಕ್ಕೆ ಬೆನ್ನು ಹಾಕಿ ನಿಂತಳು, ತಿರುಗಿ ನೋಡಿದಳು, ಮತ್ತೆ ಬೆನ್ನು ಹಾಕಿದಳು. ಆರು ಗಾಡಿಗಳಿಗೆ ಏಳು ಸೆಂಟಿಮೀಟರ್ ಸರಿಹೋಗಿತ್ತು ಎಂಬುದೊಂದೇ ಅವಳ ಆಧಾರ. ಏಳನೆಯ ಗಾಡಿಯ ಚಾವಣಿ ಬೇರೆ ಇದ್ದರೆ? ಕ್ಯಾರಿಯರ್ ಬದಲಾಗಿತ್ತೇ? ಮೊನ್ನೆ ಅದೇ ಆಧಾರದ ಮೇಲೆ ಅಂಕಿ ಬರೆದಿದ್ದಳು. ಇವತ್ತು ಅದೇ ಆಧಾರದ ಮೇಲೆ ಒಬ್ಬನನ್ನು ಕಲ್ಲಿನ ಕೆಳಗೆ ನಿಲ್ಲಿಸಿದ್ದಳು. ಐದು ನಿಮಿಷ, ಹತ್ತು ನಿಮಿಷ. ರೂತ್ ಯಾರೂ ಕೇಳದಿದ್ದರೂ ನಿಮಿಷಗಳನ್ನು ಹೇಳುತ್ತಿದ್ದಳು. ಹದಿನೈದಾದಾಗ ಇನಾಂದಾರರು ಅವಳಿಗೆ ಸಾಕು ಎಂದು ಕೈ ಮಾಡಿದರು.

ಹದಿನೆಂಟನೆಯ ನಿಮಿಷಕ್ಕೆ ಬಂದದ್ದು ರೇಡಿಯೊ ಅಲ್ಲ, ಯಲ್ಲಾಪುರದ ಫೋನು. ಇನಾಂದಾರರು ಕೇಳಿಸಿಕೊಂಡು, ನಕ್ಷೆಯ ಮೇಲೆ ಏಳನೆಯ ತಿರುವಿಗೆ ಒಂದು ಚುಕ್ಕೆ ಇಟ್ಟರು. ಅವರು ಎಳೆದು ಅಳಿಸಿದ್ದ ಕೆಂಪು ಗೆರೆಯಿಂದ ಅದು ಐದು ಕಿಲೋಮೀಟರ್ ಮೇಲಿತ್ತು. ದನಿ ಪಕ್ಕದ ಕೋಣೆಯಿಂದ ಬಂದಷ್ಟು ಚೊಕ್ಕವಾಗಿದೆ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಎರಡು ಸಲ ಹೇಳಿದರು, ಏಳನೆಯ ತಿರುವಿಗೆ ಹಳೆಯ ಕಾಲುದಾರಿ ಇದೆ, ಆರೂ ಜನ ಹೊರಟಿದ್ದಾರೆ ಎಂದು ಯಲ್ಲಾಪುರದವರು ಹೇಳಿದ್ದರು. ಶಮಶಾದ್ ಆಗ ಕೂತಳು. ಕುರ್ಚಿಯನ್ನು ನೋಡದೆ, ನೆಲದ ಮೇಲೆ.

ಆರಕ್ಕೆ ಹತ್ತು ನಿಮಿಷವಿರುವಾಗ ತಂಡ ಅವರನ್ನು ಮುಟ್ಟಿತು. ಅವರನ್ನು ಕರೆದುಕೊಂಡು ಕಾಲುದಾರಿಯ ಅರ್ಧ ಹತ್ತಿದಾಗ ಬಂಡೆಯ ಪಕ್ಕದ ಮಣ್ಣು ಸರಿದು ಪಿಕಪ್ಪನ್ನು ಉಳ್ಳಾಗಡ್ಡಿ ಸಮೇತ ಕಣಿವೆಗೆ ತಳ್ಳಿತು ಎಂದು ಆಮೇಲೆ ತಿಳಿಯಿತು. ಸುದ್ದಿಯನ್ನು ಬೋರಾನಿಗೆ ಹೇಳಲು ಕಸ್ತೂರಿ ಮೈಕು ಹಿಡಿದಾಗ ಅವನ ದನಿ ಮರಳಿನಲ್ಲಿ ನೀರು ಇಂಗಿದಂತೆ ಇಂಗುತ್ತಿತ್ತು. ಸಿಕ್ಕರು ಎಂದಳು. ಅವನು ಕೇಳಿದನೋ ಇಲ್ಲವೋ ತಿಳಿಯಲಿಲ್ಲ.

ಶಮಶಾದ್ ಯಲ್ಲಾಪುರಕ್ಕೆ ಹೊರಟ ಜೀಪಿನಲ್ಲಿ ಹೋದಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕಸ್ತೂರಿಯನ್ನು ಪೂರ್ತಿಯಾಗಿ ನೋಡಿದಳು.

“ಮನಿಗೆ ಬಂದು ಹೇಳಿದ್ರಿ, ಅದು ಬ್ಯಾರೆ ಮಾತು. ನಾಳೆ ಏನ್ ಅನಿಸ್ತೈತೋ ನನಗ ಗೊತ್ತಿಲ್ಲ,” ಎಂದಳು.

ಕೋಣೆ ಖಾಲಿಯಾದ ಮೇಲೆ ಇನಾಂದಾರರು ಸರ್ಟಿಫಿಕೇಟಿನ ಫೈಲನ್ನು ಮುಚ್ಚಿ, ಲೈಸೆನ್ಸಿನ ವಿಚಾರ ತಾವು ಬರೆದು ಕಳಿಸಲೇಬೇಕಾಗುತ್ತದೆ ಎಂದರು. ಕಸ್ತೂರಿ ಹೂಂ ಎಂದಳು. ಅವರು ಕನ್ನಡಕ ತೆಗೆದು ಒರೆಸಿದರು.

“ಇದೊಂದ ಗಾಡೀನೋ?”

ಅವಳ ಬಳಿ ನೋಟ್‌ಬುಕ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ‘ಬಾಯಿ ಬಿಡಿಸಿಲ್ಲ’ ಎಂದು ಎಷ್ಟು ಮಂದಿ ಕೈ ಅಡ್ಡ ಹಿಡಿದಿದ್ದರು, ಎಷ್ಟು ಮಂದಿ ಆಮೇಲೆ ಅಳತೆಗೆ ಮರಳಿ ಬಂದಿರಲಿಲ್ಲ ಎಂಬ ಲೆಕ್ಕ ಮಂಗಳವಾರ ಸಂಜೆಯಿಂದ ಅವಳೊಳಗೆ ನಡೆದೇ ಇತ್ತು.

“ಹನ್ನೊಂದು ಅದಾವ್ರಿ ಸರ್. ಇದನ್ನ ಬಿಟ್ಟು.”

ಇನಾಂದಾರರು ಮೈಕನ್ನು ಅವಳ ಕಡೆ ಸರಿಸಿದರು. ರೂತ್ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಸಂಜೆ ಏಳರ ಹೊತ್ತು. ಹೊರಗೆ ಹೆದ್ದಾರಿಗಳ ಮೇಲೆ ಲೋಡು ಹೊತ್ತ ಗಾಡಿಗಳು ಹೊರಡುವ ಸಮಯ. ಸುತ್ತಲಿನ ಎಲ್ಲ ಸೆಟ್ಟುಗಳೂ ಕೇಳುವ ತೆರೆದ ಚಾನೆಲ್ಲಿನಲ್ಲಿ ಕಸ್ತೂರಿ ತನ್ನ ಹೆಸರು ಹೇಳಿದಳು. ತಾನು ಅಳೆಯದೆ ಅಂಕಿ ಬರೆದದ್ದನ್ನು ಹೇಳಿದಳು. ಹನ್ನೊಂದು ಸಂಖ್ಯೆಗಳನ್ನು ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ಕರೆದಳು. ಎಲ್ಲಿದ್ದೀರೋ ಅಲ್ಲಿಂದ ಮುಂದೆ ಹೋಗಬೇಡಿ, ಘಟ್ಟಕ್ಕೆ ಇಳಿಯಬೇಡಿ, ಅಲ್ಲಿಂದ ನಿಮ್ಮ ಮಾತು ಹತ್ತಿರದ ಕೇಂದ್ರಕ್ಕೂ ಕೇಳುವುದಿಲ್ಲ ಎಂದಳು. ಒಬ್ಬ ಬೈದ. ಒಬ್ಬ, ಎರಡು ವರ್ಷದಿಂದ ನಾನು ಮಾತಾಡಿದ್ದು ಯಾರಿಗೂ ಕೇಳಿಸಿಲ್ಲವೇ ಎಂದು ಮೆಲ್ಲಗೆ ಕೇಳಿದ. ಊರೊಳಗೋ ಬೈಪಾಸಿನಲ್ಲೋ ಇದ್ದ ಏಳು ಗಾಡಿಗಳಿಂದ ಉತ್ತರ ಬಂತು.

ನಾಲ್ಕರಿಂದ ಬರಲಿಲ್ಲ. ಅವರ ಸೆಟ್ಟು ಬಂದ್ ಇರಬಹುದು. ಇಲ್ಲವೇ ಯಾವುದೋ ದಾರಿಯಲ್ಲಿ, ಸ್ಟೇರಿಂಗ್ ಹಿಡಿದು, ಅವಳ ಒಂದೊಂದು ಮಾತನ್ನೂ ಸ್ಪಷ್ಟವಾಗಿ ಕೇಳುತ್ತ, ಗುಂಡಿ ಒತ್ತಿ ಉತ್ತರ ಕೊಡುತ್ತಲೂ ಇರಬಹುದು.

ಕಸ್ತೂರಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಆ ನಾಲ್ಕರಲ್ಲಿ ಮೊದಲನೆಯದನ್ನು ಮತ್ತೆ ಕರೆದಳು.